ಹೊಗೆಯ ಋಣ ಹರಿಯುವ ಬಗೆ

ಯಾರೂ ಒಬ್ಬಂಟಿಯಾಗಿ ಕುಳಿತು ಸಿಗರೇಟು ಸೇದುವುದನ್ನು ಕಲಿಯುವುದಿಲ್ಲ. ಕಲಿಸಿದವನೊಬ್ಬ ಇದ್ದೇ ಇರುತ್ತಾನೆ: ಶಾಲೆಯ ಹಿಂದಿನ ಗೋಡೆಯ ಮರೆಯಲ್ಲಿ ಬೀಡಿಯ ತುಂಡನ್ನು ಕೈಗಿತ್ತ ಗೆಳೆಯ, ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆ ಕಳೆಯಲೆಂದು ಪೊಟ್ಟಣವನ್ನು ಮುಂದೆ ಚಾಚಿದ ಹಾಸ್ಟೆಲಿನ ಸಹಪಾಠಿ, ದುಡ್ಡು ಕೊಟ್ಟು ಅಂಗಡಿಗೆ ಓಡಿಸುತ್ತಿದ್ದ ಚಿಕ್ಕಪ್ಪ. ಮೊದಲ ದಮ್ಮಿಗೆ ಕೆಮ್ಮು ಬಂದಾಗ ನಗುವವರೂ ಬೆನ್ನು ತಟ್ಟುವವರೂ ಸುತ್ತಲೂ ನಿಂತಿರುತ್ತಾರೆ. ಮುಂದೆ ಊರೂರಿನ ಬೀಡಾ ಅಂಗಡಿಯ ಮುಂದೆ, ಗುರುತಿಲ್ಲದವರ ನಡುವೆಯೂ, "ಕಡ್ಡಿಪೆಟ್ಟಿಗೆ ಇದೆಯೆ?" ಎಂಬ ಒಂದು ಮಾತಿನಿಂದ ಗಳಿಗೆಯ ಸ್ನೇಹ ಹುಟ್ಟುತ್ತದೆ. ಹೀಗೆ ಹತ್ತು ಜನರ ನೆರವಿನಿಂದ ಕಲಿತ ವಿದ್ಯೆಯನ್ನು ಬಿಡಬೇಕಾದ ದಿನ ಬಂದಾಗ ಮಾತ್ರ ನಾವು ಆ ಮನುಷ್ಯನನ್ನು ಒಬ್ಬನನ್ನೇ ಕಾಡಿಗೆ ಅಟ್ಟುತ್ತೇವೆ. "ಮನಸ್ಸು ಗಟ್ಟಿ ಮಾಡಿ ಬಿಟ್ಟುಬಿಡು" ಎಂಬ ಉಪದೇಶವೊಂದೇ ಅವನಿಗೆ ನಾವು ಕಟ್ಟಿಕೊಡುವ ಬುತ್ತಿ.

ಈ ಬುತ್ತಿ ದಾರಿಗೆ ಸಾಲದು ಎಂಬುದೇ ನಾನಿಲ್ಲಿ ಹೇಳಹೊರಟಿರುವ ವಿಷಯ. ನಾನು ಧೂಮಪಾನಿಯಲ್ಲ; ಆದರೆ ಮೂವತ್ತು ವರ್ಷ ಅಧ್ಯಾಪಕನಾಗಿ ಧೂಮಪಾನಿಗಳ ನಡುವೆ ಬಾಳಿದವನು. ಅವರು ಬಿಟ್ಟುದನ್ನೂ, ಬಿಟ್ಟು ಹಿಡಿದುದನ್ನೂ, ಹಿಡಿದು ಮತ್ತೆ ಬಿಟ್ಟುದನ್ನೂ ಹತ್ತಿರದಿಂದ ಕಂಡಿದ್ದೇನೆ. ಅವರಲ್ಲೊಬ್ಬರ ಜೊತೆಯಲ್ಲಿ ಆ ಕಾಡುದಾರಿಯನ್ನು ಸ್ವಲ್ಪ ದೂರ ನಡೆದದ್ದೂ ಉಂಟು. ಅದರ ಮಾತು ಮುಂದೆ ಬರುತ್ತದೆ.

ಹೊಗೆಸೊಪ್ಪು ಮೂಲತಃ ನಮ್ಮ ನೆಲದ ಗಿಡವಲ್ಲ. ಅಮೆರಿಕ ಖಂಡದಿಂದ ಹೊರಟ ಅದು ಪೋರ್ಚುಗೀಸರ ಹಡಗುಗಳಲ್ಲಿ ನಮ್ಮ ದೇಶಕ್ಕೆ ಬಂತು. ಅದು ಮೊಗಲರ ಆಸ್ಥಾನವನ್ನು ಸೇರಿದ ಕತೆಯಲ್ಲಿ ಕನ್ನಡನಾಡಿಗೂ ಒಂದು ಪಾತ್ರವಿದೆ. 17ನೆಯ ಶತಮಾನದ ಆರಂಭದಲ್ಲಿ ಅಕ್ಬರನ ದೂತನಾಗಿ ಬಿಜಾಪುರಕ್ಕೆ ಬಂದ ಅಸದ್ ಬೇಗನು ತಾನು ಅದುವರೆಗೆ ಕಾಣದಿದ್ದ ಈ ಸೊಪ್ಪನ್ನು ಅಲ್ಲಿ ಕಂಡು ಬೆರಗಾಗಿ, ರತ್ನ ಕೆತ್ತಿಸಿದ ಕೊಳವೆಯೊಂದಿಗೆ ಅದನ್ನು ಬಾದಶಹನಿಗೆ ಒಪ್ಪಿಸಿದನಂತೆ. ಅಕ್ಬರ ಕುತೂಹಲಕ್ಕೆ ಒಂದೆರಡು ಸಲ ಎಳೆದು ನೋಡಿದ. ಆಸ್ಥಾನದ ವೈದ್ಯ ಅಡ್ಡಬಂದ. ನಮ್ಮ ಗ್ರಂಥಗಳಲ್ಲಿ ಹೇಳಿಲ್ಲದ, ಗುಣಾವಗುಣ ತಿಳಿಯದ ವಸ್ತುವನ್ನು ಅರಸರು ಸೇವಿಸಬಾರದೆಂಬುದು ಅವನ ವಾದ. ಅರಸ ಮುಂದುವರಿಸಲಿಲ್ಲ, ಆದರೆ ಸರದಾರರಿಗೆ ರುಚಿ ಹತ್ತಿತು. 1617ರಲ್ಲಿ ಜಹಾಂಗೀರನು ಹೊಗೆಸೊಪ್ಪನ್ನು ನಿಷೇಧಿಸಿ ಆಜ್ಞೆ ಹೊರಡಿಸಿದ. ಅತ್ತ ಇಂಗ್ಲೆಂಡಿನ ದೊರೆ ಒಂದನೆಯ ಜೇಮ್ಸ್ 1604ರಲ್ಲಿಯೇ ಅದರ ವಿರುದ್ಧ ಒಂದು ಪುಸ್ತಿಕೆಯನ್ನು ಬರೆದಿದ್ದ. ಆಜ್ಞೆಯೂ ಪುಸ್ತಿಕೆಯೂ ಹೊಗೆಯಲ್ಲಿ ಕರಗಿಹೋದವು. ದೊರೆಗಳ ಮಾತಿಗೂ ಬಗ್ಗದ ಈ ಸೊಪ್ಪಿನಲ್ಲಿ ಅಂಥದೇನಿದೆ?

ಇರುವುದು ನಿಕೋಟಿನ್. 1560ರ ಸುಮಾರಿಗೆ ಈ ಗಿಡವನ್ನು ಪೋರ್ಚುಗಲ್ಲಿನಿಂದ ಫ್ರಾನ್ಸಿನ ಅರಮನೆಗೆ ಕಳುಹಿಸಿದ ರಾಯಭಾರಿ ಜಾನ್ ನಿಕೋ ಎಂಬವನ ಹೆಸರೇ ಗಿಡದ ಕುಲಕ್ಕೂ ಅದರ ಸಾರಕ್ಕೂ ಅಂಟಿಕೊಂಡಿತು. 1828ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಪೊಸೆಲ್ಟ್ ಮತ್ತು ರೈಮನ್ ಎಂಬ ಇಬ್ಬರು ಈ ಸಾರವನ್ನು ಮೊದಲ ಬಾರಿಗೆ ಬೇರ್ಪಡಿಸಿದರು. ಹೊಗೆಯೊಡನೆ ಶ್ವಾಸಕೋಶಕ್ಕೆ ಇಳಿದ ನಿಕೋಟಿನ್ ಹತ್ತಿಪ್ಪತ್ತು ಸೆಕೆಂಡುಗಳಲ್ಲಿ ಮೆದುಳನ್ನು ಮುಟ್ಟಿ, ಅಲ್ಲಿ ಸುಖದ ಅರಿವಿಗೆ ಸಂಬಂಧಿಸಿದ ಡೋಪಮೀನ್ ಎಂಬ ರಸವನ್ನು ಚಿಮ್ಮಿಸುತ್ತದೆ. ಆದರೆ ಅದರ ನಿಲುಗಡೆ ಅಲ್ಪ. ಎರಡು ಗಂಟೆಯೊಳಗಾಗಿ ರಕ್ತದಲ್ಲಿನ ಅಂಶ ಅರ್ಧಕ್ಕೆ ಇಳಿಯುತ್ತದೆ. ಇಳಿದಂತೆಲ್ಲ ಚಡಪಡಿಕೆ, ಸಿಡುಕು, ಗಮನ ಚೆದುರುವುದು. ಆಗ ಇನ್ನೊಂದು ಸಿಗರೇಟು ಹಚ್ಚಿದರೆ "ಆಹಾ!" ಎನ್ನಿಸುತ್ತದೆ. ಆ ನೆಮ್ಮದಿ ಬಹುಮಟ್ಟಿಗೆ ಹಿಂದಿನ ಸಿಗರೇಟು ಹುಟ್ಟಿಸಿದ ಸಂಕಟಕ್ಕೆ ದೊರೆತ ಬಿಡುವು, ಅಷ್ಟೆ. ತಾನೇ ಬೆಂಕಿ ಇಟ್ಟು ತಾನೇ ನೀರು ಹೊಯ್ದು ಉಪಕಾರ ಹೇರುವ ಸಾಲಿಗನ ಹಾಗೆ ಅದು.

ಇದು ತಿಳಿದ ಮಾತ್ರಕ್ಕೆ ಬಿಡಲು ಬಂದೀತೆ? ಮನಸ್ಸಿನ ಆಳವನ್ನು ಬಗೆದು ನೋಡಿದ ಸಿಗ್ಮಂಡ್ ಫ್ರಾಯ್ಡರ ಬಾಳನ್ನೇ ನೋಡಬಹುದು. ಹೃದಯದ ತೊಂದರೆಗಾಗಿ ಚುಟ್ಟವನ್ನು ಬಿಡಬೇಕೆಂದು 1890ರ ದಶಕದಲ್ಲಿಯೇ ಅವರ ವೈದ್ಯಮಿತ್ರರು ಹೇಳಿದ್ದರು. 1923ರಲ್ಲಿ ಬಾಯಿಯಲ್ಲಿ ಕ್ಯಾನ್ಸರ್ ಕಾಣಿಸಿಕೊಂಡಿತು. ಮೂವತ್ತಕ್ಕೂ ಮಿಕ್ಕಿ ಶಸ್ತ್ರಕ್ರಿಯೆಗಳಾದವು. ಆದರೂ ಚುಟ್ಟದ ಸಹವಾಸ ತಪ್ಪಲಿಲ್ಲ. 1939ರಲ್ಲಿ ಅವರು ತೀರಿಕೊಂಡರು. ಬುದ್ಧಿಯಿಂದಲೇ ಬಿಡುವಂತಿದ್ದರೆ ಬಿಡಬೇಕಾದವರು ಅವರು! ಚಟ ಬಿಡಲಾಗದವನನ್ನು ಕಂಡು "ಹೇಡಿ" ಎನ್ನುವ ಮುನ್ನ ಈ ಒಂದು ಬಾಳನ್ನು ನೆನೆಯುವುದು ಒಳ್ಳೆಯದು.

ಹಾಗೆಂದು ಬಿಡುವುದರ ಫಲ ಕಡಮೆಯದಲ್ಲ. ಇಂಗ್ಲೆಂಡಿನ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಶ್ವಾಸಕೋಶದ ಕ್ಯಾನ್ಸರ್ ಏಕೆ ಹೆಚ್ಚುತ್ತಿದೆಯೆಂದು ಹುಡುಕಹೊರಟಾಗ, ರಸ್ತೆಗೆ ಬಳಿಯುವ ಟಾರೋ ಮೋಟಾರಿನ ಹೊಗೆಯೋ ಕಾರಣವಿರಬೇಕೆಂಬುದು ಡಾಲ್ ಅವರ ಮೊದಲ ಊಹೆಯಾಗಿತ್ತು. ಆಸ್ಪತ್ರೆಗಳ ಅಂಕಿ ಅಂಶಗಳು ಬೆರಳು ತೋರಿದ್ದು ಸಿಗರೇಟಿನ ಕಡೆಗೆ. ಅದನ್ನು ಕಂಡ ಡಾಲ್ ತಾವೇ ಸಿಗರೇಟನ್ನು ಬಿಟ್ಟರು. 1950ರಲ್ಲಿ ಲೇಖನ ಪ್ರಕಟವಾಯಿತು. 1951ರಲ್ಲಿ ಅವರು ಬ್ರಿಟನ್ನಿನ ವೈದ್ಯರಿಗೇ ಪ್ರಶ್ನಾವಳಿಯನ್ನು ಕಳುಹಿಸಿ, ಮೂವತ್ತನಾಲ್ಕು ಸಾವಿರಕ್ಕೂ ಹೆಚ್ಚು ಪುರುಷ ವೈದ್ಯರ ಬಾಳನ್ನು ಐವತ್ತು ವರ್ಷಗಳ ಕಾಲ ಗಮನಿಸುವ ಕಾರ್ಯಕ್ಕೆ ತೊಡಗಿದರು. 2004ರಲ್ಲಿ ಹೊರಬಂದ ಆ ಲೆಕ್ಕದ ಸಾರ ಇಷ್ಟು: ಕಡೆಯವರೆಗೆ ಸೇದಿದವರು ಸೇದದವರಿಗಿಂತ ಸರಾಸರಿ ಹತ್ತು ವರ್ಷ ಮೊದಲೇ ತೀರಿಕೊಳ್ಳುತ್ತಾರೆ. ಅರುವತ್ತರಲ್ಲಿ ಬಿಟ್ಟವರಿಗೆ ಸುಮಾರು ಮೂರು ವರ್ಷ, ಐವತ್ತರಲ್ಲಿ ಬಿಟ್ಟವರಿಗೆ ಆರು, ನಲವತ್ತರಲ್ಲಿ ಒಂಬತ್ತು, ಮೂವತ್ತರಲ್ಲಿ ಬಿಟ್ಟವರಿಗೆ ಹೆಚ್ಚುಕಡಮೆ ಆ ಹತ್ತು ವರ್ಷವೂ ಮರಳಿ ದಕ್ಕುತ್ತದೆ. "ಇಷ್ಟು ವರ್ಷ ಸೇದಿದ್ದಾಯಿತು, ಇನ್ನು ಬಿಟ್ಟರೇನು ಬಂತು?" ಎನ್ನುವ ಹಿರಿಯರು ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಇನ್ನು ಉಪಾಯಗಳ ಮಾತು. ಸಿಗರೇಟಿಗೆ ಕಟ್ಟಿಹಾಕುವುದು ನಿಕೋಟಿನ್. ಕ್ಯಾನ್ಸರನ್ನೂ ಶ್ವಾಸಕೋಶದ ರೋಗವನ್ನೂ ತರುವುದು ಮುಖ್ಯವಾಗಿ ಹೊಗೆಯೊಳಗಿನ ಟಾರು ಮೊದಲಾದ ವಿಷಗಳು. ಹಗ್ಗ ಒಂದು, ಕತ್ತಿ ಇನ್ನೊಂದು. ಹಾಗಾದರೆ ಹೊಗೆಯಿಲ್ಲದೆ ನಿಕೋಟಿನ್ನನ್ನು ಮಾತ್ರ ಸ್ವಲ್ಪ ಕಾಲ ಒದಗಿಸಿ, ಆಮೇಲೆ ಅದನ್ನೂ ಮೆಲ್ಲಗೆ ಇಳಿಸಬಾರದೇಕೆ? ಈ ಯೋಚನೆ ಹುಟ್ಟಿದ್ದು ಸ್ವೀಡನ್ನಿನಲ್ಲಿ. ಸಬ್‌ಮೆರೀನಿನ ನಾವಿಕರು ನೀರಿನೊಳಗೆ ಸೇದುವಂತಿರಲಿಲ್ಲ; ಹೊಗೆಸೊಪ್ಪನ್ನು ಬಾಯಲ್ಲಿಟ್ಟುಕೊಂಡು ಅವರು ಕಾಲ ಕಳೆಯುತ್ತಿದ್ದುದನ್ನು ಲುಂಡ್ ನಗರದ ವೈದ್ಯರಿಬ್ಬರು ಕಂಡು, ಔಷಧ ಕಂಪನಿಯಲ್ಲಿದ್ದ ಓವೆ ಫೆರ್ನೋ ಎಂಬ ವಿಜ್ಞಾನಿಗೆ 1967ರಲ್ಲಿ ಪತ್ರ ಬರೆದರು. ಅದರ ಫಲವೇ ನಿಕೋಟಿನ್ ಗಮ್. 1978ರಲ್ಲಿ ಸ್ವಿಟ್ಸರ್ಲೆಂಡಿನಲ್ಲಿ ಅದಕ್ಕೆ ಮೊದಲ ಮಾನ್ಯತೆ ದೊರೆಯಿತು. ಇದನ್ನು ಮಕ್ಕಳ ಚೂಯಿಂಗ್ ಗಮ್ಮಿನಂತೆ ಎಡೆಬಿಡದೆ ಅಗಿಯುವುದಲ್ಲ. ನಿಧಾನವಾಗಿ ಅಗಿದು, ನಾಲಗೆ ಚುರುಗುಟ್ಟಿದೊಡನೆ ನಿಲ್ಲಿಸಿ ಕೆನ್ನೆಯ ಒತ್ತಿಗೆ ಇರಿಸಿಕೊಳ್ಳಬೇಕು. ಚುರುಕು ಇಳಿದ ಮೇಲೆ ಮತ್ತೆ ಅಗಿಯಬೇಕು. ಹೀಗೆ ಅರ್ಧ ಗಂಟೆ. ಅದಕ್ಕೆ ಕಾಲು ಗಂಟೆ ಮುಂಚಿನಿಂದ ಕಾಫಿ ಕುಡಿಯಬಾರದು, ಕುಡಿದರೆ ನಿಕೋಟಿನ್ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಕಾಫಿಯ ನಾಡಿನವರಾದ ನಮಗೆ ಇದೇ ಕಠಿಣ ನಿಯಮವೇನೋ! ಗಮ್ಮಿನ ಹಾಗೆಯೇ ಚರ್ಮಕ್ಕೆ ಅಂಟಿಸಿಕೊಳ್ಳುವ ಪ್ಯಾಚ್ ಉಂಟು. ಅದು ದಿನವಿಡೀ ಒಂದೇ ಸಮನಾಗಿ ನಿಕೋಟಿನ್ ಒದಗಿಸುತ್ತದೆ. ಇಂಥ ನೆರವು ಪಡೆದವರಲ್ಲಿ ಬಿಟ್ಟು ಉಳಿಯುವವರ ಸಂಖ್ಯೆ ಪಡೆಯದವರಿಗಿಂತ ಸುಮಾರು ಒಂದೂವರೆ ಪಟ್ಟು ಎಂಬುದು ಬಹು ಪರೀಕ್ಷೆಗಳಿಂದ ಸ್ಥಿರಪಟ್ಟ ಮಾತು.

ಬೇರೆ ಔಷಧಗಳೂ ಇವೆ. ಲ್ಯಾಬರ್ನಮ್ ಎಂಬ ಮರದಿಂದ ದೊರೆಯುವ ಸೈಟಿಸಿನ್ ಮೆದುಳಿನಲ್ಲಿ ನಿಕೋಟಿನ್ ಕೂರುವ ಜಾಗದಲ್ಲಿಯೇ ತಾನು ಹೋಗಿ ಕೂರುತ್ತದೆ. ಬಲ್ಗೇರಿಯದಲ್ಲಿ 1964ರಿಂದಲೇ ಅದು ಮಾತ್ರೆಯ ರೂಪದಲ್ಲಿ ಮಾರಾಟಕ್ಕೆ ಬಂದಿದ್ದರೂ ಪಶ್ಚಿಮದ ದೇಶಗಳು ಅದನ್ನು ಗಮನಿಸಲು ದಶಕಗಳೇ ಬೇಕಾದವು. ಅದೇ ಜಾಡಿನಲ್ಲಿ 2006ರಲ್ಲಿ ವರೆನಿಕ್ಲಿನ್ ಬಂತು. ಖಿನ್ನತೆಗೆ ಕೊಡುತ್ತಿದ್ದ ಬುಪ್ರೊಪಿಯಾನ್ 1997ರಲ್ಲಿಯೇ ಈ ಕೆಲಸಕ್ಕೂ ಅಮೆರಿಕದಲ್ಲಿ ಒಪ್ಪಿಗೆ ಪಡೆದಿತ್ತು. ಇವನ್ನು ವೈದ್ಯರ ಮೂಲಕವೇ ಪಡೆಯಬೇಕು. ಗರ್ಭಿಣಿಯರೂ ಹೃದ್ರೋಗಿಗಳೂ ಗಮ್ಮಿಗೆ ಕೈ ಹಾಕುವ ಮೊದಲೂ ಕೇಳಬೇಕು. ವೈದ್ಯರು ಮೊದಲು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಬೆಳಿಗ್ಗೆ ಎದ್ದ ಮೇಲೆ ಎಷ್ಟು ಹೊತ್ತಿಗೆ ಮೊದಲನೆಯದನ್ನು ಹಚ್ಚುತ್ತೀರಿ?" ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಫಾಗರ್‌ಸ್ಟ್ರೋಮ್ ಅವರು ರೂಪಿಸಿದ ಪ್ರಶ್ನಾವಳಿಯಲ್ಲಿಯೂ ಈ ಪ್ರಶ್ನೆಗೆ ಹೆಚ್ಚಿನ ಬೆಲೆ. ಐದು ನಿಮಿಷದೊಳಗೆ ಎಂದರೆ ಹಿಡಿತ ಬಲವಾಗಿದೆಯೆಂದೂ ನೆರವು ಅದಕ್ಕೆ ತಕ್ಕಂತೆ ಬೇಕೆಂದೂ ಅರ್ಥ.

ದಿನಕ್ಕೊಂದರಂತೆ ತಗ್ಗಿಸುತ್ತ ಬರುವುದು ಲೇಸೋ, ಒಮ್ಮೆಗೇ ನಿಲ್ಲಿಸುವುದು ಲೇಸೋ ಎಂಬ ಜಿಜ್ಞಾಸೆ ಹಳೆಯದು. ಸುಮಾರು ಏಳು ನೂರು ಜನರ ಮೇಲೆ ಬ್ರಿಟನ್ನಿನಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ಇದನ್ನು ತೂಗಿ ನೋಡಿತು. ನಾಲ್ಕು ವಾರದ ಕಡೆಗೆ, ಮೆಲ್ಲಗೆ ತಗ್ಗಿಸಿದವರಲ್ಲಿ ನೂರಕ್ಕೆ 39 ಮಂದಿ, ಗೊತ್ತುಮಾಡಿದ ದಿನ ಒಮ್ಮೆಗೇ ನಿಲ್ಲಿಸಿದವರಲ್ಲಿ 49 ಮಂದಿ ಬಿಟ್ಟು ಉಳಿದಿದ್ದರು. ಎರಡು ಗುಂಪಿನವರಿಗೂ ಪ್ಯಾಚಿನ ನೆರವೂ ದಾದಿಯರ ಸಲಹೆಯೂ ಇತ್ತೆಂಬುದನ್ನು ಮರೆಯಬಾರದು. ಯಾವ ನೆರವೂ ಇಲ್ಲದೆ ಬಿಡಹೊರಟವರಲ್ಲಿ ಆರು ತಿಂಗಳ ಮೇಲೆ ನಿಲ್ಲುವವರು ನೂರಕ್ಕೆ ಮೂರರಿಂದ ಐದು ಮಂದಿ ಮಾತ್ರ.

ಅಂಕಿಗಳ ಮಾತು ಇಲ್ಲಿಗೆ ನಿಲ್ಲಲಿ. ನನ್ನ ಸಹೋದ್ಯೋಗಿಯೊಬ್ಬರು, ಗಣಿತದ ಅಧ್ಯಾಪಕರು, ಹದಿನೇಳನೆಯ ವಯಸ್ಸಿನಿಂದ ಸೇದುತ್ತಿದ್ದವರು. ಅವರ ಅಣ್ಣ ಉಸಿರಿನ ರೋಗದಿಂದ ನರಳಿ, ಮಂಚದ ಪಕ್ಕದಲ್ಲಿ ಆಮ್ಲಜನಕದ ಸಿಲಿಂಡರು ಇಟ್ಟುಕೊಂಡೇ ಎರಡು ವರ್ಷ ಬಾಳಿ ತೀರಿಹೋದರು. ಅವರೂ ಸೇದುತ್ತಿದ್ದವರೇ. "ಅಣ್ಣನ ಬೂದಿಯನ್ನು ನೀರಿಗೆ ಬಿಟ್ಟು ಬಂದ ಸಂಜೆಯೇ ಅಂಗಡಿಗೆ ಹೋದೆ, ಮೇಷ್ಟ್ರೇ. ಕಾಲು ತಾನಾಗಿ ಹೋಯಿತು" ಎಂದು ಅವರು ನನ್ನೊಡನೆ ಹೇಳಿದಾಗ ಏನು ಉತ್ತರ ಕೊಡಬೇಕೆಂದು ನನಗೆ ತೋಚಲಿಲ್ಲ. ಅದಕ್ಕೆ ಮೊದಲು ಅವರು ನಾಲ್ಕು ಸಲ ಬಿಟ್ಟಿದ್ದರಂತೆ. ನಾಲ್ಕು ಸಲವೂ ಯಾರಿಗೂ ಹೇಳದೆ. ಹೇಳದಿದ್ದರೆ ಸೋತಾಗ ನಗುವವರಿರುವುದಿಲ್ಲವಲ್ಲ! ಆದರೆ ನಗುವವರಿಲ್ಲದ ಕಡೆ ಕೈ ಹಿಡಿಯುವವರೂ ಇರುವುದಿಲ್ಲ.

ಐದನೆಯ ಸಲ ವೈದ್ಯರು ಅವರಿಗೆ ಪ್ಯಾಚನ್ನೂ ಗಮ್ಮನ್ನೂ ಬರೆದುಕೊಟ್ಟು, "ಈ ಸಲ ಗುಟ್ಟು ಬೇಡ" ಎಂದರು. ಒಂದು ಸೋಮವಾರವನ್ನು ಗೊತ್ತುಮಾಡಿಕೊಂಡದ್ದಾಯಿತು. ಮನೆಯವರಿಗೆ ಹೇಳಿದರು, ನನಗೆ ಹೇಳಿದರು. ಭಾನುವಾರ ಸಂಜೆ ಕಾಲೇಜಿನ ಎದುರಿನ ಪೆಟ್ಟಿಗೆ ಅಂಗಡಿಗೆ ಹೋಗಿ ಸಾಲದ ಲೆಕ್ಕ ಚುಕ್ತಾ ಮಾಡಿ, "ನಾಳೆಯಿಂದ ನಾನು ಕೇಳಿದರೂ ಕೊಡಬೇಡಪ್ಪ" ಎಂದರು. ಅಂಗಡಿಯವನು ಒಳ್ಳೆಯ ಗಿರಾಕಿಯೊಬ್ಬನನ್ನು ಕಳೆದುಕೊಳ್ಳುತ್ತಿದ್ದರೂ, "ಆಗಲಿ ಸ್ವಾಮಿ, ನಮ್ಮಪ್ಪನೂ ಬಿಡಬೇಕಾಗಿತ್ತು" ಎಂದು ಹೇಳಿ ಸೋಂಪಿನ ಪೊಟ್ಟಣವೊಂದನ್ನು ಕೈಗಿತ್ತನಂತೆ. ನನ್ನ ಪಾಲಿಗೆ ಬಂದದ್ದು ಸಂಜೆ ಐದರಿಂದ ಆರರವರೆಗಿನ ಗಂಟೆ. ಕಾಲೇಜು ಬಿಟ್ಟ ಮೇಲಿನ ಆ ಹೊತ್ತೇ ಅವರಿಗೆ ಅತಿ ಕಠಿಣವಾದದ್ದು. ನಾವಿಬ್ಬರೂ ನಡೆಯುತ್ತಿದ್ದೆವು, ಮಾತಿಲ್ಲದೆ ನಡೆದ ದಿನಗಳೇ ಹೆಚ್ಚು. ಮೊದಲ ವಾರ ಅವರು ಯಾರ ಮೇಲೆಂದರೆ ಅವರ ಮೇಲೆ ಹರಿಹಾಯ್ದರು, ನಾನೂ ಬೈಸಿಕೊಂಡೆ. ಆ ಸಿಡುಕು ಮನುಷ್ಯನದಲ್ಲ, ನಿಕೋಟಿನ್ನಿನದು ಎಂದು ಮೊದಲೇ ತಿಳಿದಿದ್ದರಿಂದ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಸೇದಬೇಕೆಂಬ ತುಡಿತ ಎದ್ದಾಗ ಅದು ಎಂದಿಗೂ ಇಳಿಯದೆಂದು ತೋರುತ್ತದೆ. ನಿಜಕ್ಕೂ ಅದು ಕೆಲವೇ ನಿಮಿಷಗಳ ಅಲೆ. ಆ ಹೊತ್ತನ್ನು ಕಳೆಯಲು ವೈದ್ಯರು ಹೇಳುವ ಉಪಾಯಗಳು ಸರಳವಾದವು: ಸ್ವಲ್ಪ ತಡಮಾಡುವುದು, ದೀರ್ಘವಾಗಿ ಉಸಿರಾಡುವುದು, ನೀರು ಕುಡಿಯುವುದು, ಎದ್ದು ಬೇರೊಂದು ಕೆಲಸಕ್ಕೆ ಕೈ ಹಾಕುವುದು. ನನ್ನ ಮಿತ್ರರು ಇದಕ್ಕೆ ತಮ್ಮದೂ ಒಂದನ್ನು ಸೇರಿಸಿದರು. ಪ್ರತಿಯೊಂದು ತುಡಿತವನ್ನೂ ಪುಸ್ತಕದಲ್ಲಿ ಗುರುತು ಹಾಕಿ ದಿನದ ಮೊತ್ತವನ್ನು ನಕ್ಷೆಯ ಕಾಗದದ ಮೇಲೆ ಚುಕ್ಕಿ ಇಟ್ಟರು. ಖಾಲಿಯಾದ ಬೆರಳುಗಳಿಗೆ ಸೀಮೆಸುಣ್ಣದ ತುಂಡೊಂದನ್ನು ಕೊಟ್ಟರು. ತರಗತಿಯ ಹೊರಗೂ ಅದು ಅವರ ಬೆರಳಸಂದಿಯಲ್ಲಿರುತ್ತಿತ್ತು.

ಹತ್ತೊಂಬತ್ತನೆಯ ದಿನ, ನೆಂಟರ ಮದುವೆಮನೆಯಲ್ಲಿ, ಹಳೆಯ ಗೆಳೆಯರ ನಡುವೆ ಒಂದು ಸಿಗರೇಟು ಸೇದಿಬಿಟ್ಟರು. ಮರುದಿನ ಬೆಳಿಗ್ಗೆಯೇ ಮನೆಗೆ ಬಂದು ಹೇಳಿದರು. ನಾಲ್ಕು ಸಲವೂ ಅವರು ಸೋತದ್ದು ಇಂಥ ಒಂದರಲ್ಲಿಯೇ. ಒಂದಾದ ಮೇಲೆ "ಹೇಗೂ ಕೆಟ್ಟಿತು" ಎಂದು ಪೊಟ್ಟಣವನ್ನೇ ಕೊಂಡಿದ್ದರು. ಈ ಸಲ ನನ್ನೆದುರಿಗೇ ಅವರು ಚಟ ಬಿಡಿಸುವ ಸರಕಾರದ ಸಹಾಯವಾಣಿಗೆ ಫೋನು ಮಾಡಿದರು. ಅತ್ತಲಿನ ದನಿ ಕನ್ನಡದಲ್ಲಿ ಕೇಳಿದ್ದು "ಏಕೆ ಸೇದಿದಿರಿ?" ಎಂದಲ್ಲ, "ಎಲ್ಲಿದ್ದಿರಿ? ಯಾರ ಜೊತೆಗಿದ್ದಿರಿ? ಊಟಕ್ಕೆ ಮೊದಲೋ ಆಮೇಲೋ?" ಎಂದು. ಕಾಲು ಜಾರಿದ ಜಾಗವನ್ನು ಗುರುತು ಮಾಡಿಕೊಳ್ಳುವುದೇ ಆ ಪ್ರಶ್ನೆಗಳ ಉದ್ದೇಶ. ಫೋನು ಕೆಳಗಿಟ್ಟು ಅವರು ಹೇಳಿದರು: "ಒಂದು ಚುಕ್ಕಿ ಮೇಲೆ ಹಾರಿತೆಂದು ರೇಖೆಯ ದಿಕ್ಕು ಬದಲಾಗುವುದಿಲ್ಲ, ಮೇಷ್ಟ್ರೇ." ಅದಾಗಿ ಎರಡು ವರ್ಷ ಕಳೆದಿದೆ.

ಜೊತೆಗಾರರ ಬಲ ನನ್ನ ಕಲ್ಪನೆಯಲ್ಲ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ 1971ರಿಂದ 2003ರವರೆಗೆ ಕಲೆಹಾಕಿದ, ಹನ್ನೆರಡು ಸಾವಿರ ಜನರ ವಿವರಗಳನ್ನು ಕ್ರಿಸ್ಟಾಕಿಸ್ ಮತ್ತು ಫೌಲರ್ ಎಂಬ ವಿದ್ವಾಂಸರು ಪರಿಶೀಲಿಸಿ 2008ರಲ್ಲಿ ಪ್ರಕಟಿಸಿದರು. ಗಂಡಹೆಂಡಿರಲ್ಲಿ ಒಬ್ಬರು ಬಿಟ್ಟರೆ ಇನ್ನೊಬ್ಬರು ಸೇದುವ ಸಂಭವ ನೂರಕ್ಕೆ 67ರಷ್ಟು ತಗ್ಗುತ್ತಿತ್ತು. ಗೆಳೆಯ ಬಿಟ್ಟರೆ 36ರಷ್ಟು, ಒಡಹುಟ್ಟಿದವರು ಬಿಟ್ಟರೆ 25ರಷ್ಟು. ಜನ ಗುಂಪು ಗುಂಪಾಗಿ ಬಿಟ್ಟಿದ್ದರು. ಗುಂಪಿನಲ್ಲಿ ಕಲಿತದ್ದನ್ನು ಗುಂಪಿನಲ್ಲಿಯೇ ಮರೆತರು ಎನ್ನೋಣವೆ?

ನಮ್ಮ ದೇಶದಲ್ಲಿ 2002ರಲ್ಲಿ ಮೊದಲ ಸಾಲಿನ ಚಟನಿವಾರಣಾ ಚಿಕಿತ್ಸಾಲಯಗಳು ಹದಿಮೂರು ಕಡೆ ಆರಂಭವಾದಾಗ ಬೆಂಗಳೂರಿನ ನಿಮ್ಹಾನ್ಸ್ ಅವುಗಳಲ್ಲಿ ಒಂದಾಗಿತ್ತು. 2016ರಲ್ಲಿ ದೆಹಲಿಯಲ್ಲಿ ತೊಡಗಿದ ರಾಷ್ಟ್ರೀಯ ಸಹಾಯವಾಣಿಗೆ 2018ರಲ್ಲಿ ನಿಮ್ಹಾನ್ಸಿನಲ್ಲಿಯೂ ಒಂದು ಕೇಂದ್ರವಾಗಿ, ದಕ್ಷಿಣದ ಭಾಷೆಗಳಲ್ಲಿ ಮಾತನಾಡುವವರು ದೊರೆತರು. ಅದೇ ವರ್ಷದಿಂದ 1800-11-2356 ಎಂಬ ಅದರ ಸಂಖ್ಯೆಯನ್ನು ಸಿಗರೇಟಿನ ಪೊಟ್ಟಣಗಳ ಮೇಲೆಯೇ ಅಚ್ಚುಹಾಕಿಸಲಾಯಿತು, ಕರೆಗೆ ಹಣವಿಲ್ಲ. ವಿಷದ ಪೊಟ್ಟಣದ ಮೇಲೆಯೇ ಮದ್ದಿನ ವಿಳಾಸ! ಸೇದುವವರ ಕಣ್ಣಿಗೆ ಅದು ದಿನವೂ ಬೀಳುತ್ತಿರಬಹುದು. ಆದರೆ ಅದು ತಮಗಾಗಿ ಇರುವುದೆಂದು ಅವರಿಗೆ ಹೇಳುವವರು ಬೇಕು.

ಸೇದುವವರ ಮಾತಷ್ಟೇ ಆಡಿದರೆ ನಮ್ಮ ನಾಡಿನ ಚಿತ್ರ ಪೂರ್ಣವಾಗದು. 2016-17ರ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ನೂರಕ್ಕೆ ಸುಮಾರು 23 ಮಂದಿ ಯಾವುದಾದರೊಂದು ರೂಪದಲ್ಲಿ ಹೊಗೆಸೊಪ್ಪಿಗೆ ಅಂಟಿಕೊಂಡವರು. ದೇಶದಲ್ಲಿ ಸೇದುವವರಿಗಿಂತ ಜಗಿಯುವವರೇ ಹೆಚ್ಚು. ಸಿಗರೇಟನ್ನು ಬಿಟ್ಟು ಜರ್ದಾ ಹಿಡಿದರೆ ಅದು ಬಿಟ್ಟಂತಲ್ಲ. ಬಾಯಿಯ ಕ್ಯಾನ್ಸರಿನ ಬಾಗಿಲನ್ನು ತಟ್ಟಿದಂತೆ. ಬೀಡಿ ಎಲೆಯದಾದ್ದರಿಂದ ಸೌಮ್ಯವೆಂಬ ನಂಬಿಕೆಯೂ ಸುಳ್ಳು. ನಿಪ್ಪಾಣಿಯ ಹೊಲಗಳಲ್ಲಿ, ಹುಣಸೂರು ಪಿರಿಯಾಪಟ್ಟಣಗಳ ಬೇಸಾಯದಲ್ಲಿ, ಕರಾವಳಿಯ ಮನೆಯಂಗಳದಲ್ಲಿ ಬೀಡಿ ಕಟ್ಟುವ ಹೆಂಗಸರ ಮೊರದಲ್ಲಿ ಈ ಸೊಪ್ಪು ಅನ್ನದ ದಾರಿಯೂ ಆಗಿದೆ. ಆದುದರಿಂದ ಇದನ್ನು ಬೈದು ಮುಗಿಸುವುದು ಸುಲಭವಲ್ಲ. ಕೂಲಿಯವನಿಗೆ ಬೀಡಿ ಹಸಿವನ್ನು ಮರೆಸುವ ಸಾಧನ. ಅವನಿಗೆ ಗಮ್ಮಿನ ಬೆಲೆಯೇ ಭಾರ. ಅಂಥವನಿಗೆ ಕೊಂಡು ತರಬೇಕಾಗಿಲ್ಲದ ಮದ್ದೆಂದರೆ ಮನುಷ್ಯರ ಜೊತೆಯೊಂದೇ.

ಬಿಡಹೊರಟವರ ಮನೆಯವರಿಗೂ ಮಿತ್ರರಿಗೂ ಎರಡು ಮಾತು ಹೇಳುವುದಿದೆ. ಜೇಬು ತಡಕಬೇಡಿ, ಬಾಯಿ ಮೂಸಬೇಡಿ. ಪತ್ತೇದಾರಿಕೆಯಿಂದ ಯಾರ ಚಟವೂ ಬಿಟ್ಟಿಲ್ಲ. ಮೊದಲ ಎರಡು ಮೂರು ವಾರ ಅವರ ಸಿಡುಕನ್ನು ಜ್ವರ ಬಂದವನ ಕನವರಿಕೆಯೆಂಬಂತೆ ಸಹಿಸಿ. ನೀವೂ ಸೇದುವವರಾದರೆ ಅವರೆದುರು ಹಚ್ಚಬೇಡಿ. ಸಾಧ್ಯವಾದರೆ ಅದೇ ಸೋಮವಾರವನ್ನು ನೀವೂ ಗೊತ್ತುಮಾಡಿಕೊಳ್ಳಿ. ಜಾರಿದವರು ಬಂದು ಹೇಳಿದರೆ, ಹೇಳಲು ಬಂದರಲ್ಲ ಎಂಬುದಕ್ಕೆ ಸಂತೋಷಪಡಿ. ಬಿಟ್ಟ ಒಂದು ವರ್ಷಕ್ಕೆ ಹೃದಯಾಘಾತದ ಹೆಚ್ಚುವರಿ ಅಪಾಯ ಅರ್ಧಕ್ಕೆ ಇಳಿಯುತ್ತದೆ, ಹತ್ತು ವರ್ಷಕ್ಕೆ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವ ಅಪಾಯವೂ ಅಷ್ಟೇ ತಗ್ಗುತ್ತದೆ ಎಂದು ಶಾಸ್ತ್ರ ಹೇಳುತ್ತದೆ. ಆದರೆ ಆ ಒಂದು ವರ್ಷವನ್ನೂ ಹತ್ತು ವರ್ಷವನ್ನೂ ದಾಟಬೇಕಾದದ್ದು ಐದೈದು ನಿಮಿಷಗಳ ತುಡಿತವನ್ನು ಗೆಲ್ಲುತ್ತ. ಅಂಥ ಒಂದು ಐದು ನಿಮಿಷದಲ್ಲಿ ಬಾಗಿಲು ತಟ್ಟಿ, "ಬನ್ನಿ, ಸ್ವಲ್ಪ ತಿರುಗಾಡಿಕೊಂಡು ಬರೋಣ" ಎನ್ನಲು ಯಾವ ಪಾಂಡಿತ್ಯವೂ ಬೇಕಾಗಿಲ್ಲ.